ಮಡಿಯ ಗೆರೆ, ಮೆಡಿಕಲ್ ಶಾಪಿನ ಗೆರೆ

2020ರ ಮಾರ್ಚ್ 25ರಂದು ಕೊರೊನಾಕ್ಕೆ ಹೆದರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ತೆರೆದೇ ಉಳಿದವುಗಳಲ್ಲಿ ಮೆಡಿಕಲ್ ಶಾಪ್ ಒಂದು. ಬೆಂಗಳೂರಿನಲ್ಲಿ ಚೆನ್ನೈ, ತುಮಕೂರು ಹಳಿಗಳ ಮಗ್ಗುಲಲ್ಲಿ ಇಕ್ಕಟ್ಟಾಗಿ ಬೆಳೆದ ಓಕಳಿಪುರಂನಂಥ ಬಡಾವಣೆಗಳಲ್ಲಿ ಅಂಗಡಿಯ ಮುಂದೆ ಹಗ್ಗ ಬಂತು, ನೆಲದ ಮೇಲೆ ಸುಣ್ಣದ ವೃತ್ತಗಳು ಬಂದವು. "ಅಲ್ಲೇ ನಿಂತ್ಕೊಳ್ಳಿ ಅಮ್ಮಾ, ಚೀಟಿ ಇಲ್ಲಿಡಿ" ಎಂಬ ಮಾತು ಬಂತು. ಇದನ್ನು ನೋಡಿದ ಹಿರಿಯರು ಮಲ್ಲೇಶ್ವರದಿಂದ ಬಸವನಗುಡಿವರೆಗೆ ಗೆದ್ದ ದನಿಯಲ್ಲಿ ಹೇಳತೊಡಗಿದರು: "ನಮ್ಮಜ್ಜಿ ಮಡಿ ಅಂದಾಗ ನಕ್ಕಿರಿ, ಈಗ ನೋಡಿ!"

ನಿಜವಾಗಿಯೂ ಎರಡೂ ಒಂದೇನಾ?

ಮೇಲುನೋಟಕ್ಕೆ ಹೌದೆನಿಸುತ್ತದೆ. ಹೊರಗಿಂದ ಬಂದವರು ಕೈಕಾಲು ತೊಳೆಯಬೇಕು, ಮುಟ್ಟಬಾರದು, ದೂರ ನಿಲ್ಲಬೇಕು. ಆದರೆ ಮಡಿ ಮೊದಲು ಕೇಳುವುದು ಎದುರಿಗೆ ನಿಂತವರು ಯಾರೆಂದು. ಇಂದಿನ ಸೋಂಕು ತಡೆಯುವ ಶಾಸ್ತ್ರ ನಡೆಯುವುದೇ ಆ ಪ್ರಶ್ನೆಯನ್ನು ಬಿಟ್ಟು. 1980ರ ದಶಕದಲ್ಲಿ ಎಚ್‌ಐವಿ ಕಾಣಿಸಿಕೊಂಡಾಗ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ವಿಚಿತ್ರ ನಿಯಮ ತಂದಿತು: ಎಲ್ಲರ ರಕ್ತವನ್ನೂ ಸೋಂಕಿನ ರಕ್ತವೆಂದೇ ತಿಳಿದು ಕೆಲಸ ಮಾಡಿ. ಎಲ್ಲರನ್ನೂ ಸಮನಾಗಿ ಅನುಮಾನಿಸಿದರೆ ಯಾರೊಬ್ಬರನ್ನೂ ಬೆರಳು ಮಾಡಿ ತೋರಿಸಬೇಕಿಲ್ಲ. ಮಾಸ್ಕಿನದು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮೊದಲ ಅನುಮಾನ ತನ್ನ ಬಾಯಿಯ ಮೇಲೆಯೇ. ಎದುರಿನವರ ಮೈಲಿಗೆ ತನಗೆ ತಾಗೀತೆಂಬ ಭಯವಲ್ಲ, ತನ್ನದು ಅವರಿಗೆ ತಾಗೀತೆಂಬ ಎಚ್ಚರ.

ಹನ್ನೆರಡನೇ ಶತಮಾನದ ಶರಣರ ಪರಂಪರೆ ಪಂಚಸೂತಕಗಳನ್ನು ಒಟ್ಟಿಗೇ ತಳ್ಳಿಹಾಕಿತು: ಜನನ, ಮರಣ, ರಜಸ್ಸು, ಜಾತಿ, ಎಂಜಲು. ತೊಡಕು ಇರುವುದು ಕೊನೆಯ ಸೂತಕದಲ್ಲಿ. ಕೊರೊನಾ ಹರಡುವುದೇ ಬಾಯಿ ಮೂಗಿನಿಂದ ಹೊರಬರುವ ಕಣಗಳಿಂದ. ಹಾಗಾದರೆ ಜಾತಿಯ ಜೊತೆ ಎಂಜಲಿನ ಎಚ್ಚರವನ್ನೂ ಬಿಡಬೇಕೆ? ಅಥವಾ ಎಂಜಲಿನ ಎಚ್ಚರ ಮರಳಿದರೆ ಹಿಂಬಾಗಿಲಿನಿಂದ ಜಾತಿಯೂ ಬರುತ್ತದೆಯೇ? ಇದು ಮಠದಲ್ಲಿ ಕುಳಿತು ಚರ್ಚಿಸುವ ಪ್ರಶ್ನೆಯಂತೆ ಕಂಡರೂ ದಿನಕ್ಕೆ ನೂರು ಸಲ ಇತ್ಯರ್ಥವಾಗುತ್ತಿದ್ದದ್ದು ಔಷಧದಂಗಡಿಯ ಗಾಜಿನ ಕಟ್ಟೆಯ ಮೇಲೆ.

ಅಲ್ಲಿ ಕಲಿಯಬೇಕಾದದ್ದು ದೊಡ್ಡ ವಿದ್ಯೆಯಲ್ಲ. ಬೆರಳಿಗೆ ಉಗುಳು ಹಚ್ಚಿ ನೋಟು ಎಣಿಸಬಾರದು, ಮಾತ್ರೆಯ ಕವರ್ ಬಿಡಿಸಬಾರದು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್ ಕೈ ಉಜ್ಜಬೇಕು. ಗಿರಾಕಿಯ ಚೀಟಿ ಮುಟ್ಟಿದ ಕೈಯಲ್ಲಿ ಮೂಗು ಮುಟ್ಟಿಕೊಳ್ಳಬಾರದು. ಕಷ್ಟವಿರುವುದು ಇದನ್ನೆಲ್ಲ ಎದುರಿಗಿರುವವರ ಮುಖ ನೋಡದೆ, ಪೇಟೆಯ ಸೇಠರಿಗೂ ಪೌರಕಾರ್ಮಿಕ ಹೆಂಗಸಿಗೂ ಒಂದೇ ತೆರನಾಗಿ ಪಾಲಿಸುವುದರಲ್ಲಿ. ಒಬ್ಬರು ಕಟ್ಟೆಗೆ ಒರಗಿ ನಿಂತಾಗ ಸುಮ್ಮನಿದ್ದು, ಇನ್ನೊಬ್ಬರಿಗೆ "ದೂರ, ದೂರ" ಎಂದರೆ ಸುಣ್ಣದ ವೃತ್ತ ಆ ಕ್ಷಣಕ್ಕೆ ಹಳೇ ಅಗ್ರಹಾರದ ಗೆರೆಯಾಗುತ್ತದೆ. ವೈರಾಣುವಿಗಂತೂ ಅದರಿಂದ ಅನುಕೂಲವೇ.

ಹೀಗೆ ಅವಮಾನಿಸಿದರೆ ರೋಗ ಅಡಗಿಕೊಳ್ಳುತ್ತದೆಂಬ ಪಾಠವನ್ನು ಬೆಂಗಳೂರು ಒಮ್ಮೆ ಕಲಿತಿತ್ತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಈ ಊರಿಗೆ ಬಂದದ್ದು ರೈಲು ಹತ್ತಿ. ಮನೆ ಖಾಲಿ ಮಾಡಿಸುವುದು, ರೋಗಿಗಳನ್ನು ಕ್ಯಾಂಪಿಗೆ ಸಾಗಿಸುವುದು ಶುರುವಾದಾಗ ಹೆದರಿದ ಜನ ಕಾಯಿಲೆಯವರನ್ನು ಬಚ್ಚಿಟ್ಟರು. ಊರಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳ ಹಿಂದೆಯೂ ಆ ಮಾರಿಯ ನೆನಪಿದೆ. ಅವಮಾನದ ಭಯವಿದ್ದಲ್ಲಿ ರೋಗ ಹೊರಗೆ ಬರುವುದಿಲ್ಲ.

2020ರಲ್ಲಿ ಅದೇ ಭಯ ಮೆಡಿಕಲ್ ಶಾಪಿಗೆ ಬಂತು. ಜ್ವರ, ಕೆಮ್ಮು, ನೆಗಡಿಗೆ ಔಷಧ ಕೊಳ್ಳುವವರ ಹೆಸರು, ಫೋನ್ ನಂಬರ್ ಬರೆದಿಡುವಂತೆ ರಾಜ್ಯ ಸರ್ಕಾರ ಔಷಧ ಅಂಗಡಿಗಳಿಗೆ ಸೂಚಿಸಿತು. ಉದ್ದೇಶ ಸರಿಯಾದದ್ದೇ, ಸೋಂಕು ಬೇಗ ಪತ್ತೆಯಾಗಬೇಕು. ಆದರೆ ಕ್ವಾರಂಟೈನ್ ಆದವರ ಕೈಗೆ ಮುದ್ರೆ, ಬಾಗಿಲಿಗೆ ಪೋಸ್ಟರ್ ಬೀಳುತ್ತಿದ್ದ ದಿನಗಳವು. ಚಾಮರಾಜಪೇಟೆಯ ಪಕ್ಕದ ಪಾದರಾಯನಪುರ ಏಪ್ರಿಲ್‌ನಲ್ಲಿ ಸೀಲ್‌ಡೌನ್ ಆದ ಮೇಲೆ ಆ ಬಡಾವಣೆಯ ಹೆಸರೇ ಬೈಗುಳದಂತೆ ಓಡಾಡಿತು. ಹೀಗಿರುವಾಗ "ಅಣ್ಣಾ, ಒಂದು ಡೋಲೋ ಕೊಡಿ" ಎಂದವರಿಗೆ "ಹೆಸರು ಹೇಳಿ" ಎನ್ನುವುದು ಸುಲಭದ ಮಾತಲ್ಲ. ನಂಬಿ ಬಂದವರ ಗುಟ್ಟು ಕಾಯುವುದು ವೃತ್ತಿಧರ್ಮ, ಊರನ್ನು ಕಾಯುವುದೂ ಧರ್ಮ. ಏಕೆ ಬರೆದುಕೊಳ್ಳುತ್ತಿದ್ದೇವೆಂದು ಮೆಲುದನಿಯಲ್ಲಿ ಹೇಳಿ, ಸಾಲಿನಲ್ಲಿರುವ ಬೇರೆಯವರಿಗೆ ಕೇಳಿಸದಂತೆ ಬರೆದುಕೊಳ್ಳುವವರು ಎರಡನ್ನೂ ಉಳಿಸಬಲ್ಲರು. ಹಾಗೆ ಮಾತಾಡುವುದನ್ನೂ ಕೈತೊಳೆಯುವಷ್ಟೇ ಶಿಸ್ತಿನಿಂದ ಕಲಿಸಬೇಕಾಗುತ್ತದೆ.

ಡಿಪ್ಲೊಮಾ ಫಾರ್ಮಸಿಯ 1991ರ ಪಠ್ಯಕ್ರಮವನ್ನು ಬದಲಿಸಿ 2020ರಲ್ಲಿ ಬಂದ ಹೊಸ ನಿಯಮಾವಳಿಯಲ್ಲಿ 'ಸೋಷಿಯಲ್ ಫಾರ್ಮಸಿ' ಎಂಬ ವಿಷಯವಿದೆ. ಸಾಂಕ್ರಾಮಿಕ ರೋಗಗಳು, ಅವುಗಳ ತಡೆ ಅದರಲ್ಲಿ ಸೇರಿವೆ. ಈಗ ಓದುತ್ತಿರುವವರಿಗೆ ಅದು ಸಿಕ್ಕಿತು. ಇಪ್ಪತ್ತು ವರ್ಷದಿಂದ ಕಟ್ಟೆಯ ಹಿಂದೆ ನಿಂತವರಿಗೆ ಇರುವುದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಹೇಳುವ ಪುನಶ್ಚೇತನ ತರಬೇತಿ: ಐದು ವರ್ಷದಲ್ಲಿ ಕನಿಷ್ಠ ಎರಡು, ತಲಾ ಒಂದು ದಿನ. ಆ ಎರಡು ದಿನಗಳಲ್ಲಿ ಅರ್ಧ ಗಂಟೆಯನ್ನಾದರೂ ಮಡಿಗೂ ಸೋಂಕು ತಡೆಗೂ ಇರುವ ಅಂತರ ಮಾತಾಡಲು ಎತ್ತಿಡಲಿ.