ಮಕ್ಕಳ ಆಟವೂ ಹಿರಿಯರ ನೋಟವೂ

ಕಾರ್ತಿಕವು ಕಳೆದು ಮಾರ್ಗಶಿರದ ಚಳಿಯು ಮೊದಲಾಗುವ ಹೊತ್ತಿಗೆ ನಮ್ಮ ನಾಡಿನ ಶಾಲೆಗಳಲ್ಲಿ ಉತ್ಸವಗಳ ಕಾಲವು ತುಂಬಿ ಬರುವುದು. ನವೆಂಬರ್ 1ರ ರಾಜ್ಯೋತ್ಸವದಿಂದ ಹಿಡಿದು ಜನವರಿ 26ರ ಗಣರಾಜ್ಯೋತ್ಸವದವರೆಗಿನ ಮೂರು ತಿಂಗಳೊಳಗೆ ಮಕ್ಕಳ ದಿನ, ಕ್ರೀಡಾಕೂಟ, ಪ್ರತಿಭಾ ಕಾರಂಜಿಯ ಮೇಲಿನ ಹಂತಗಳು, ಶಾಲೆಯ ವಾರ್ಷಿಕೋತ್ಸವ, ಸಂಗೀತ ನೃತ್ಯಗಳ ಪ್ರದರ್ಶನ ಇವೆಲ್ಲವೂ ಒಂದರ ಬೆನ್ನಿಗೊಂದು ಬಂದು ನಿಲ್ಲುವುವು. ಮಳೆಯ ಭಯವು ತೀರಿ, ವರ್ಷಾಂತ್ಯದ ಪರೀಕ್ಷೆಗಳು ಇನ್ನೂ ದೂರವಿರುವ ಈ ಕಾಲವು ಅಂತಹ ಸಂಭ್ರಮಕ್ಕೆ ತಕ್ಕುದೇ ಸರಿ.

ಮೂವರು ಮಕ್ಕಳಿರುವ ಮನೆಯ ಪಾಡನ್ನು ಈ ದಿನಗಳಲ್ಲಿ ನೋಡಬೇಕು. ಹಿರಿಯ ಮಗನಿಗೆ ಖೋ ಖೋ ಪಂದ್ಯ; ನಡುವಣ ಮಗಳಿಗೆ ನೃತ್ಯ; ಕಿರಿಯವನಿಗೆ ನಾಟಕದಲ್ಲೊಂದು ವೇಷ. ತಾಯಿಯು ನಸುಕಿಗೆ ಮುನ್ನವೇ ಎದ್ದು ಬುತ್ತಿ ಕಟ್ಟಿ, ಜಡೆ ಹೆಣೆದು, ಕಿತ್ತುಹೋದ ಗೆಜ್ಜೆಯ ಪಟ್ಟಿಗೆ ಹೊಲಿಗೆ ಹಾಕುವಳು. ತಂದೆಯು ಅರ್ಧ ದಿನದ ರಜೆ ಪಡೆದು ಬಾಡಿಗೆಯ ಉಡುಪು ತರಲು ಅಂಗಡಿಯಿಂದ ಅಂಗಡಿಗೆ ಅಲೆಯುವನು. ಒಂದೇ ಸಂಜೆ ಎರಡು ಕಡೆ ಇರಬೇಕಾಗಿ ಬಂದರಂತೂ ದಂಪತಿಗಳು ದೇಶವನ್ನು ಹಂಚಿಕೊಳ್ಳುವ ಅರಸರಂತೆ ಮಕ್ಕಳನ್ನು ಹಂಚಿಕೊಂಡು ಹೊರಡುವರು. ಈ ಗಡಿಬಿಡಿಯನ್ನು ಕಂಡು ನಗುವುದು ಸುಲಭ. ಆದರೆ ಇದರ ಮೂಲದಲ್ಲಿರುವುದು ಪ್ರೀತಿಯೇ ಎಂಬುದನ್ನು ಮರೆಯಲಾಗದು. ಪ್ರೀತಿಯಿಲ್ಲದವರು ಇಷ್ಟು ಶ್ರಮಕ್ಕೆ ಒಳಗಾಗರು.

ಹಾಗಿದ್ದರೂ ವಿಚಾರವಂತರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ಇಷ್ಟೆಲ್ಲ ಶ್ರಮವು ಯಾರ ಸಲುವಾಗಿ? ‘ಮಕ್ಕಳ ಸಲುವಾಗಿ’ ಎಂಬ ಉತ್ತರವು ಎಲ್ಲರ ನಾಲಗೆಯಲ್ಲಿಯೂ ಸಿದ್ಧವಾಗಿದೆ. ಈ ಉತ್ತರವನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶವು.

ಕನ್ನಡದಲ್ಲಿ ‘ಆಟ’ವೆಂಬ ಪದವು ಬಹಳ ಅರ್ಥವತ್ತಾದುದು. ಅಂಗಳದಲ್ಲಿ ಗೆರೆಯೆಳೆದು ಕುಂಟೆಬಿಲ್ಲೆಯಾಡುವುದೂ ಆಟ. ಮೈದಾನದ ಕಬಡ್ಡಿಯೂ ಆಟ. ರಂಗದ ಮೇಲೆ ವೇಷ ಕಟ್ಟುವುದೂ ಆಟವೇ. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟಗಳೆಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಕರಾವಳಿಯಲ್ಲಿ ‘ಆಟಕ್ಕೆ ಹೋಗೋಣ’ವೆಂದರೆ ಯಕ್ಷಗಾನಕ್ಕೆ ಹೋಗೋಣವೆಂದೇ ಅರ್ಥ. ಇವೆಲ್ಲಕ್ಕೂ ಒಂದೇ ಹೆಸರಿಟ್ಟ ನಮ್ಮ ಪೂರ್ವಿಕರು, ಇವೆಲ್ಲವೂ ಒಂದೇ ಬೇರಿನಿಂದ ಹುಟ್ಟಿದುವೆಂದು ಬಲ್ಲವರಾಗಿದ್ದರೆಂದು ತೋರುತ್ತದೆ. ಆಡುವವನಿಗೆ ಆಡುವುದರಲ್ಲಿಯೇ ಫಲವು ದೊರೆಯುವುದೆಂಬುದೇ ಆ ಬೇರು. ಮಣ್ಣಿನಲ್ಲಿ ಮನೆ ಕಟ್ಟಿ ಸಂಜೆ ಅದನ್ನು ತಾನೇ ಒದ್ದು ಕೆಡಹಿ ನಗುತ್ತ ಒಳಗೆ ಬರುವ ಮಗುವಿಗೆ ಫಲತ್ಯಾಗವನ್ನು ಯಾರೂ ಬೋಧಿಸಿಲ್ಲ.

ಆದರೆ ಅಂಗಳದ ಆಟಕ್ಕೂ ರಂಗದ ಮತ್ತು ಪಂದ್ಯದ ಆಟಕ್ಕೂ ಒಂದು ಭೇದವಿದೆ. ಅಂಗಳದಲ್ಲಿ ನೋಡುವವರು ಬೇಕಿಲ್ಲ. ರಂಗದಲ್ಲಿ ಅವರು ಬೇಕೇ ಬೇಕು. ಆಟದೊಡನೆ ಇಲ್ಲಿ ನೋಟವೂ ಕೂಡುವುದು. ಆ ನೋಟವು ಎಂತಹದೆಂಬುದರ ಮೇಲೆ ಆಟವು ಮಗುವಿಗೆ ಪುಷ್ಟಿಯಾಗುವುದೋ ಪೀಡೆಯಾಗುವುದೋ ಎಂಬುದು ನಿರ್ಧಾರವಾಗುತ್ತದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ವೆಂಬ ಗಾದೆಯು ಶಾಲೆಯ ರಂಗಕ್ಕೂ ಒಮ್ಮೊಮ್ಮೆ ಸಲ್ಲುವುದುಂಟು.

ಈ ಸಂದರ್ಭದಲ್ಲಿ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ನೆನೆಯುವುದು ಉಚಿತವು. ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ನೋಡಲೂ ಕೇಳಲೂ ತಕ್ಕಂತಹ ಒಂದು ಕ್ರೀಡಾವಸ್ತುವನ್ನು ಬೇಡಿದರೆಂದು ಅಲ್ಲಿ ಹೇಳಿದೆ. ಅದರಿಂದ ಹುಟ್ಟಿದ ನಾಟ್ಯವನ್ನು ಭರತನು ತನ್ನ ನೂರು ಮಂದಿ ಮಕ್ಕಳಿಗೆ ಕಲಿಸಿ, ಯಾರು ಯಾವ ಕೆಲಸಕ್ಕೆ ಯೋಗ್ಯರೋ ಅವರನ್ನು ಆ ಕೆಲಸಕ್ಕೆ ನಿಯಮಿಸಿದನು. ಹೀಗೆ ಪುರಾಣದ ಪ್ರಕಾರ ಲೋಕದ ಮೊದಲನೆಯ ನಾಟಕವೇ ತಂದೆಯೊಬ್ಬನು ಮಕ್ಕಳಿಂದ ಆಡಿಸಿದುದು. ಆ ಮೊದಲ ಪ್ರಯೋಗದ ಗತಿಯೇನಾಯಿತು? ನಾಟಕದಲ್ಲಿ ತಮ್ಮ ಸೋಲನ್ನು ಕಂಡು ಕೆರಳಿದ ಅಸುರರು ವಿಘ್ನಗಳೊಡನೆ ಸೇರಿ ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭಿಸಿಬಿಟ್ಟರು. ರಂಗದ ನಡುವೆ ಮಾತು ಮರೆತು ಕಣ್ಣುಕಣ್ಣು ಬಿಡುವ ಇಂದಿನ ಬಾಲಕನು ಒಂಟಿಯಲ್ಲ; ಭರತನ ಮಕ್ಕಳೇ ಅವನಿಗಿಂತ ಮುಂಚೆ ಹಾಗೆ ನಿಂತಿದ್ದರು.

ಮುಂದೆ ನಡೆದುದು ಇನ್ನೂ ಮನನೀಯವಾದುದು. ಇಂದ್ರನು ಧ್ವಜದಂಡವನ್ನು ಹಿಡಿದು ವಿಘ್ನಗಳನ್ನು ಬಡಿದನು. ಮಾತು ಮರೆತವರನ್ನು ಯಾರೂ ಬಡಿಯಲಿಲ್ಲ, ಗದರಲೂ ಇಲ್ಲ. ಬ್ರಹ್ಮನು ವಿಶ್ವಕರ್ಮನಿಂದ ನಾಟ್ಯಗೃಹವನ್ನು ಕಟ್ಟಿಸಿ, ಅದರ ಮೂಲೆಮೂಲೆಗೂ ಕಾವಲಿಟ್ಟನು. ರಂಗಮಂದಿರವೆಂಬುದು ಮೊದಲು ಕಟ್ಟಲ್ಪಟ್ಟುದೇ ಆಡುವವರ ರಕ್ಷಣೆಗಾಗಿ. ಅದೇ ಗ್ರಂಥದ ಕೊನೆಯಲ್ಲಿ ಮತ್ತೊಂದು ಕಥೆಯಿದೆ. ಭರತನ ಮಕ್ಕಳು ವಿದ್ಯೆಯು ಬಲಿತ ಮೇಲೆ ಮದವೇರಿ, ಋಷಿಗಳನ್ನು ರಂಗದ ಮೇಲೆ ಅಣಕಿಸಿ ಶಾಪಕ್ಕೆ ಗುರಿಯಾದರು. ಆರಂಭದಲ್ಲಿ ಅಂಜಿಕೆ, ಅಂತ್ಯದಲ್ಲಿ ಅಹಂಕಾರ. ಆಡುವ ಮಕ್ಕಳಿಗೆ ಒದಗುವ ಅಪಾಯಗಳು ಈ ಎರಡೇ. ಇವೆರಡಕ್ಕೂ ನೀರೆರೆಯುವುದು ಹಿರಿಯರ ನೋಟವೇ ಆಗಿದೆ.

ಅದು ಹೇಗೆಂದು ವಿವರಿಸಬೇಕು. ತಾಯಿತಂದೆಗಳು ಮಗುವನ್ನು ಎರಡು ಬಗೆಯಾಗಿ ನೋಡಬಲ್ಲರು. ಒಂದು ನೋಟವು ಸಾಕ್ಷಿಯದು, ಇನ್ನೊಂದು ಒಡೆಯನದು. ಸಾಕ್ಷಿಯು, ‘ನೀನು ಆಡಿದೆ, ನಾನು ಕಂಡೆ’ ಎನ್ನುವನು. ಒಡೆಯನು, ‘ನನ್ನದು ಹೇಗೆ ಓಡಿತು’ ಎಂದು ಎಣಿಸುವನು. ಪಂದ್ಯದಲ್ಲಿ ಕುದುರೆಯನ್ನು ಓಡಿಸುವವನ ಕಣ್ಣಿನಲ್ಲಿಯೂ ಕುದುರೆಯ ಮೇಲೆ ಅಕ್ಕರೆಯಿರುವುದು. ಆದರೆ ಆ ಅಕ್ಕರೆಯು ಗೆರೆ ದಾಟುವ ಕ್ಷಣದಲ್ಲಿ ಏರುವುದು ಇಲ್ಲವೆ ಇಳಿಯುವುದು. ಮಗುವು ಇದನ್ನು ಬಲುಬೇಗ ಅರಿತುಕೊಳ್ಳುತ್ತದೆ. ಬಹುಮಾನ ಬಂದ ದಿನ ಮನೆಯಲ್ಲಿ ಸಿಹಿಯೂಟ, ಬಾರದ ದಿನ ದಾರಿಯುದ್ದಕ್ಕೂ ಮೌನ ಎಂಬುದನ್ನು ಎರಡು ಬಾರಿ ಕಂಡ ಮಗುವು, ‘ಗೆದ್ದರೆ ಮಾತ್ರ ನಾನು ಇವರಿಗೆ ಬೇಕಾದವನು’ ಎಂದು ತನ್ನೊಳಗೇ ತೀರ್ಮಾನಿಸಿಕೊಳ್ಳುವುದು. ಈ ತೀರ್ಮಾನವನ್ನು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಹೇಳಿರದ ಮಾತಾದುದರಿಂದಲೇ ಅದನ್ನು ಅಲ್ಲಗಳೆಯಲೂ ಯಾರಿಗೂ ಅವಕಾಶ ದೊರೆಯುವುದಿಲ್ಲ. ಅಂಜಿಕೆಯು ಹುಟ್ಟುವುದು ಇಲ್ಲಿ. ಗೆಲ್ಲುತ್ತಲೇ ಹೋದವರ ಅಹಂಕಾರವು ಹುಟ್ಟುವುದೂ ಇಲ್ಲಿಯೇ.

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ನಾವು ಹೆತ್ತವರ ಕುರುಡನ್ನು ಹಾಸ್ಯಮಾಡಲು ಬಳಸುತ್ತೇವೆ. ವಿಚಾರಮಾಡಿ ನೋಡಿದರೆ ಆ ಕುರುಡಿನಲ್ಲಿ ದೊಡ್ಡದೊಂದು ವಿವೇಕವು ಅಡಗಿದೆ. ಯಾವ ಪರೀಕ್ಷೆಗೂ ಒಳಪಡಿಸದೆ, ಯಾವ ಪದಕಕ್ಕೂ ಕಾಯದೆ ತನ್ನನ್ನು ಮುದ್ದೆಂದು ಬಗೆಯುವವರು ಲೋಕದಲ್ಲಿ ಇಬ್ಬರಾದರೂ ಇದ್ದಾರೆಂಬ ನಂಬಿಕೆಯು ಮಗುವಿನ ಮೊದಲನೆಯ ಆಸ್ತಿ. ಹೆಗ್ಗಣವನ್ನು ಮುದ್ದಿಸುವುದರಲ್ಲಿ ತಪ್ಪಿಲ್ಲ. ಅದನ್ನು ಕುದುರೆಯೆಂದು ಊರಿಗೆಲ್ಲ ತೋರಿಸಹೊರಡುವುದರಲ್ಲಿ ತಪ್ಪಿದೆ.

ಮೇಲೆ ಹೇಳಿದ ಮನೆಯ ಕಿರಿಯವನಿಗೆ ನಾಟಕದಲ್ಲಿ ಮರದ ವೇಷವು ದೊರೆಯಿತೆಂದು ಭಾವಿಸೋಣ. ತಂದೆಯ ಮುಖವು ಸಪ್ಪಗಾಗುವುದು. “ಮರವೆಂದರೆ ಮಾತೇ ಇಲ್ಲವಲ್ಲ, ರಾಜನ ವೇಷ ಕೊಡಿಸಬಹುದಿತ್ತು” ಎಂದು ಅವನು ಹಲುಬುವನು. ಅಂದಿನ ರಾತ್ರಿ ಮನೆಯಲ್ಲಿ ಅಜ್ಜಿಯು ಮೊಮ್ಮಗನನ್ನು ಕರೆದು, “ಮರ ಕದಲದೆ ನಿಂತಿತೇನಪ್ಪ?” ಎಂದು ಕೇಳುವಳು. “ನಿಂತಿತಜ್ಜೀ! ಮೂಗಿನ ಮೇಲೆ ನೊಣ ಕೂತರೂ ಕದಲಲಿಲ್ಲ” ಎಂದು ಅವನು ಎದೆಯುಬ್ಬಿಸಿ ಹೇಳುವನು. ಇಬ್ಬರಲ್ಲಿ ನಾಟಕವನ್ನು ನೋಡಿದವರು ಯಾರು? ತಂದೆಯು ಸಭೆಯಲ್ಲಿ ಕುಳಿತು ಅಲ್ಲಿಲ್ಲದ ರಾಜನನ್ನು ನೋಡಿದನು. ಅಜ್ಜಿಯು ಮನೆಯಲ್ಲಿ ಕುಳಿತು ಅಲ್ಲಿದ್ದ ಮರವನ್ನು ಕಂಡಳು. ಯಾರು ಯಾವುದಕ್ಕೆ ಯೋಗ್ಯರೋ ಅದಕ್ಕೆ ಅವರನ್ನು ನಿಯಮಿಸಿದ ಭರತನಿಗೆ ಆಕೆಯ ಪ್ರಶ್ನೆಯು ಮೆಚ್ಚುಗೆಯಾಗುತ್ತಿತ್ತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ‘ಲೋಕವೇ ಸ್ಪರ್ಧೆಯಾಗಿರುವಾಗ ಮಕ್ಕಳನ್ನು ಸೋಲುಗೆಲುವುಗಳಿಂದ ಮುಚ್ಚಿಟ್ಟು ಬೆಳೆಸುವುದು ಸರಿಯೇ? ಒತ್ತಾಯವಿಲ್ಲದೆ ಯಾವ ವಿದ್ಯೆ ಬಂದೀತು?’ ಎಂದು ಕೆಲವರು ಕೇಳುವರು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅಭ್ಯಾಸದ ಬೇಸರವನ್ನು ದಾಟಿಸಲು ಹಿರಿಯರ ಒತ್ತಾಸೆಯೂ ಒಮ್ಮೊಮ್ಮೆ ಗದರಿಕೆಯೂ ಬೇಕಾಗುವುವು. ಸೋಲೂ ಒಂದು ಪಾಠವೇ. ಆದರೆ ನಮ್ಮ ಆಟಗಳೇ ಸ್ಪರ್ಧೆಯೊಳಗೆ ಇನ್ನೂ ಏನೇನನ್ನು ಇಟ್ಟಿವೆಯೆಂದು ನೋಡಿರಿ. ವಾಡಿಕೆಯ ಖೋ ಖೋ ಆಟದಲ್ಲಿ ಬೆನ್ನಟ್ಟುವ ಪಕ್ಷದ ಎಂಟು ಮಂದಿ ಸಾಲಾಗಿ, ಒಬ್ಬರು ಈ ಕಡೆಗೂ ಒಬ್ಬರು ಆ ಕಡೆಗೂ ಮುಖಮಾಡಿ ಕುಳಿತಿರಲು, ಒಬ್ಬನು ಮಾತ್ರ ಓಡುವನು. ಉಳಿದವರ ಕೆಲಸವು ಎಚ್ಚರದಿಂದ ಕಾದಿರುವುದು. ಓಡುವವನು ಬೆನ್ನು ಮುಟ್ಟಿ ‘ಖೋ’ ಎಂದಾಗ ಎದ್ದು, ತನ್ನ ಸ್ಥಾನವನ್ನು ಅವನಿಗೆ ಬಿಟ್ಟುಕೊಡಬೇಕು. ಕಬಡ್ಡಿಯಲ್ಲಿ ಔಟಾಗಿ ಹೊರಗೆ ಕುಳಿತವನು ಒಳಗೆ ಬರುವುದು ಜೊತೆಯವರು ಎದುರಾಳಿಯನ್ನು ಔಟುಮಾಡಿದಾಗಲೇ. ಗೆಳೆಯನ ಗೆಲುವೇ ಅವನ ಮರುಜೀವ. ಕಾಯುವುದು, ಬಿಟ್ಟುಕೊಡುವುದು, ಇನ್ನೊಬ್ಬನ ಗೆಲುವಿನಿಂದ ಬದುಕುವುದು ಇವು ಪದಕದ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ‘ಎಷ್ಟನೆಯ ಸ್ಥಾನ?’ ಎಂಬ ಒಂದೇ ಪ್ರಶ್ನೆಯನ್ನು ಕೇಳುವ ತಂದೆಯು ಆಟವು ಕಲಿಸಿದುದರಲ್ಲಿ ಬಹುಭಾಗವನ್ನು ಕೇಳದೆಯೇ ಬಿಟ್ಟಂತಾಯಿತು.

ಕಲಿಯುವವರಿಗೆ ರಂಗದ ಮೇಲೆ ಸ್ಥಳವನ್ನು ಹೇಗೆ ಕೊಡಬೇಕೆಂಬುದನ್ನೂ ನಮ್ಮ ಸಂಪ್ರದಾಯವು ಬಲ್ಲುದು. ದೀಪಾವಳಿಯು ಕಳೆದ ಮೇಲೆ ಕರಾವಳಿಯ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟು ಪತ್ತನಾಜೆಯವರೆಗೂ ಆಟವಾಡುವುವು. ಇರುಳಿಡೀ ನಡೆಯುತ್ತಿದ್ದ ಆಟಗಳಲ್ಲಿ ಪ್ರಸಂಗವು ಮೊದಲಾಗುವುದಕ್ಕೆ ಮುನ್ನ ಪೂರ್ವರಂಗದ ಕೋಡಂಗಿ, ಬಾಲಗೋಪಾಲರ ವೇಷಗಳನ್ನು ಹೊಸದಾಗಿ ಕಲಿಯುವ ಹುಡುಗರು ಕಟ್ಟುತ್ತಿದ್ದರು. ಜನರು ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಆ ಹೊತ್ತಿನಲ್ಲಿ ತಾಳ ತಪ್ಪಿದರೂ ಯಾರೂ ಅಂಕವನ್ನು ಕಳೆಯುತ್ತಿರಲಿಲ್ಲ. ಅದೂ ದೇವರ ಮುಂದಿನ ಆಟವೇ. ಆದರೆ ತಪ್ಪಲು ಅವಕಾಶವುಳ್ಳ ಆಟ. ಇಂದಿನ ಶಾಲಾರಂಗದಲ್ಲಿ ಪ್ರತಿಯೊಂದು ಮಗುವಿನ ಮೊದಲ ಹೆಜ್ಜೆಯನ್ನೂ ನೂರು ಮೊಬೈಲುಗಳು ಹಿಡಿದಿಡುವುವು. ಬಾಲಗೋಪಾಲನಿಗೆ ದೊರೆಯುತ್ತಿದ್ದ ಮರೆವಿನ ಅನುಗ್ರಹವು ಈ ಮಕ್ಕಳಿಗಿಲ್ಲ. ಕೈಯಲ್ಲಿ ಯಂತ್ರವನ್ನು ಹಿಡಿದ ತಾಯಿಯ ಮುಖವೂ ರಂಗದ ಮೇಲಿಂದ ಹುಡುಕುವ ಕಣ್ಣುಗಳಿಗೆ ದೊರಕದು.

ಇದುವರೆಗೆ ಹೇಳಿದುದು ತಮ್ಮ ಮಕ್ಕಳನ್ನು ನೋಡುವ ಬಗೆ. ಪರರ ಮಕ್ಕಳನ್ನು ನೋಡುವ ಬಗೆಯು ಇನ್ನೂ ಒಂದು ಉಳಿದಿದೆ. ವಾರ್ಷಿಕೋತ್ಸವದ ಸಂಜೆ ಆರು ಗಂಟೆಗೆ ಕಾಲಿಡಲು ಎಡೆಯಿಲ್ಲದ ಸಭೆಯು ಒಂಬತ್ತರ ಹೊತ್ತಿಗೆ ಹೇಗೆ ಬರಿದಾಗುವುದೆಂಬುದನ್ನು ಎಲ್ಲರೂ ಬಲ್ಲರು. ತಮ್ಮ ಮಗುವಿನ ಸರದಿಯು ಮುಗಿಯುತ್ತಲೇ ಮನೆಮನೆಯವರು ಏಳುವರು. ಚಳಿಯಿದೆ, ಮಗುವಿಗೆ ನಿದ್ದೆಯಿದೆ, ನಾಳೆ ಕೆಲಸವಿದೆ. ಒಂದೊಂದು ಕಾರಣವೂ ನಿಜವೇ. ಆದರೆ ಕೊನೆಯಲ್ಲಿ ರಂಗಕ್ಕೆ ಬಂದ ಹುಡುಗಿಯರು ಖಾಲಿ ಕುರ್ಚಿಗಳಿಗೆ ಕೈಮುಗಿದು ಕುಣಿಯಬೇಕಾಗುವುದೂ ಅಷ್ಟೇ ನಿಜ. ಅವರೂ ತಿಂಗಳುಗಟ್ಟಲೆ ಅಭ್ಯಾಸಮಾಡಿದವರು. ತಮ್ಮ ಆಟವನ್ನು ಸಾವಿರ ಮಂದಿ ನೋಡಿದ ಮಗುವು ತಾಯಿಯ ಕೈಹಿಡಿದು ಬೆನ್ನು ತಿರುಗಿಸಿ ಹೊರಗೆ ನಡೆಯುವಾಗ ಕಲಿಯುವ ಪಾಠವು ಯಾವುದು? ‘ನಮ್ಮದು ಮುಗಿಯಿತು, ಇನ್ನುಳಿದುದು ನಮ್ಮದಲ್ಲ’ ಎಂಬುದೇ. ಮುಂದೆ ಅದೇ ಮಗುವು ಪ್ರಜೆಯಾಗಿ ಊರಿನ ಕೆರೆ, ರಸ್ತೆ, ನೆರೆಯವನ ಕಷ್ಟ ಇವುಗಳಿಗೆ ಬೆನ್ನು ತಿರುಗಿಸಿದರೆ ನಾವು ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಒಂದೆರಡು ಮಾತು ಮಿತಿಯ ವಿಷಯವಾಗಿ. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿ, ನಮ್ಮ ದೇಶವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯಲ್ಲಿ, ಮಗುವಿಗೆ ಆಟಕ್ಕೂ ಕಲೆಗಳಲ್ಲಿ ಪಾಲ್ಗೊಳ್ಳುವುದಕ್ಕೂ ಹಕ್ಕುಂಟೆಂದು ಹೇಳಿದೆ. ಆದರೆ ಇವೆರಡಕ್ಕೂ ಮೊದಲು ಅಲ್ಲಿ ಹೆಸರಿಸಿರುವುದು ವಿಶ್ರಾಂತಿಯನ್ನು. ಆ ಅನುಕ್ರಮವು ಗೃಹಸ್ಥರಿಗೆ ಒಳ್ಳೆಯ ಸೂಚನೆಯಾಗಿದೆ. ಮೂರು ತಿಂಗಳಲ್ಲಿ ಒಂದು ಭಾನುವಾರವಾದರೂ ವೇಷವಿಲ್ಲದೆ, ಸೀಟಿಯಿಲ್ಲದೆ ಬಿಸಿಲು ಕಾಯಿಸುತ್ತ ಕುಳಿತಿರಲು ಮಗುವಿಗೆ ಬಿಡುವಿರಬೇಕು, ತಾಯಿಗೂ ಇರಬೇಕು. ಮಗುವು ‘ಈ ವರ್ಷ ನನಗೆ ಬೇಡ’ ಎಂದರೆ ಆ ಮಾತನ್ನು ಸೋಮಾರಿತನವೆಂದು ತಳ್ಳಿಹಾಕುವುದಕ್ಕೆ ಮುನ್ನ ಒಂದು ದಿನವಾದರೂ ಆಲೋಚಿಸಬೇಕು. ಹೆಚ್ಚು ಗೆಲ್ಲುವ ಮಗುವಿನ ಹಿಂದೆಯೇ ಮನೆಯೆಲ್ಲ ನಡೆದು, ಏನೂ ಗೆಲ್ಲದ ಮಗುವು ಎಲ್ಲ ಸಂಜೆಗಳಲ್ಲಿಯೂ ಚೀಲ ಹೊರುವಂತಾಗಬಾರದು.

ಆಡುವ ವಿದ್ಯೆಯನ್ನು ಮಕ್ಕಳು ಹುಟ್ಟುತ್ತಲೇ ತರುವರು; ನೋಡುವ ವಿದ್ಯೆಯನ್ನು ಹಿರಿಯರು ಕಲಿಯಬೇಕಾಗಿದೆ. ತಮ್ಮ ಮಗುವನ್ನು ತಮ್ಮ ಕೀರ್ತಿಯ ವಾಹನವೆಂದು ಬಗೆಯದೆ ನೋಡುವುದು, ಪರರ ಮಗುವನ್ನು ತಮ್ಮದೆಂಬಷ್ಟು ತಾಳ್ಮೆಯಿಂದ ನೋಡುವುದು, ಇವೆರಡೂ ಕೂಡಿದುದೇ ನೋಡುವವರ ಧರ್ಮವು. ಅದನ್ನು ಆಚರಿಸಲು ದೊಡ್ಡ ವ್ರತವೇನೂ ಬೇಕಿಲ್ಲ. ಪಂದ್ಯದಿಂದ ಬಂದ ಮಗುವಿಗೆ ಸ್ಥಾನವನ್ನು ಕೇಳುವ ಮೊದಲು ಬಿಸಿನೀರನ್ನೂ ಊಟವನ್ನೂ ಕೊಡುವುದು. ಸಭೆಯಲ್ಲಿ ಕೊನೆಯ ಹಾಡು ಮುಗಿಯುವವರೆಗೆ ಶಾಲು ಹೊದೆದು ಕುಳಿತಿರುವುದು. ಈ ಚಳಿಗಾಲದಲ್ಲಿ ಇಷ್ಟನ್ನು ನಡೆಸಿದ ಮನೆಗೆ ಪದಕವು ಬರಲಿ, ಬಾರದಿರಲಿ, ಆಟವು ಆಟವಾಗಿಯೇ ಉಳಿಯುವುದು.