ಎರಡು ಬೀಗದ ಪೆಟ್ಟಿಗೆ



1617ನೆಯ ಇಸವಿಯ ಆಗಸ್ಟ್ ತಿಂಗಳ ಒಂದು ಭಾನುವಾರ. ಫ್ರಾನ್ಸ್ ದೇಶದ ಶಾತಿಯೋಂ ಎಂಬ ಸಣ್ಣ ಊರಿನ ವಿಚಾರಣೆ ಗುರುಗಳು ಬಲಿಪೂಜೆಗೆ ಪೂಜಾವಸ್ತ್ರ ಧರಿಸುತ್ತಿದ್ದರು. ಅಷ್ಟರಲ್ಲಿ ಯಾರೋ ಬಂದು, ಊರಾಚೆಯ ಒಂಟಿ ಮನೆಯೊಂದರಲ್ಲಿ ಇಡೀ ಕುಟುಂಬವೇ ಕಾಯಿಲೆ ಬಿದ್ದಿದೆ, ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ತಿಳಿಸಿದರು. ಗುರುಗಳು ಅಂದಿನ ಪ್ರಬೋಧನೆಯಲ್ಲಿ ಆ ಕುಟುಂಬದ ವಿಷಯವನ್ನೇ ಎತ್ತಿ ಮಾತನಾಡಿದರು. ಮಧ್ಯಾಹ್ನ ತಾವೇ ಆ ಮನೆಗೆ ಹೊರಟಾಗ ದಾರಿಯುದ್ದಕ್ಕೂ ಜನ! ಬುಟ್ಟಿ ಹೊತ್ತು ಹೋಗುವವರು, ಕೊಟ್ಟು ಹಿಂದಿರುಗುವವರು, ಬಿಸಿಲಿಗೆ ದಣಿದು ದಾರಿ ಪಕ್ಕದಲ್ಲಿ ಕುಳಿತವರು. ನೋಡಿದರೆ ಮೆರವಣಿಗೆಯಂತೆಯೇ ಇತ್ತು.

ನಾನಾಗಿದ್ದರೆ ನನ್ನ ಪ್ರಬೋಧನೆ ಇಷ್ಟು ಫಲ ಕೊಟ್ಟಿತಲ್ಲ ಎಂದು ಹಿಗ್ಗಿ, ಮನೆಗೆ ಬಂದು ಸುಖವಾಗಿ ನಿದ್ರೆ ಮಾಡುತ್ತಿದ್ದೆ. ಆ ಗುರುಗಳಿಗೆ ನಿದ್ರೆ ಬರಲಿಲ್ಲವೋ ಏನೋ. ಇಷ್ಟೊಂದು ಆಹಾರ ಒಂದೇ ದಿನ ಬಂದು ಬಿದ್ದರೆ ಅರ್ಧ ಕೆಟ್ಟುಹೋಗುತ್ತದೆ, ಎರಡು ದಿನ ಕಳೆದರೆ ಆ ಮನೆಯವರು ಮತ್ತೆ ಹಸಿದು ಮಲಗುತ್ತಾರೆ ಎಂಬುದು ಅವರಿಗೆ ಹೊಳೆಯಿತು. ಅದೇ ವಾರ ಊರಿನ ಕೆಲವು ಹೆಣ್ಣುಮಕ್ಕಳನ್ನು ಕರೆಸಿದರು. ಒಬ್ಬೊಬ್ಬರು ಒಂದೊಂದು ದಿನ ಸರದಿಯಂತೆ ರೋಗಿಗಳಿಗೆ ಅಡುಗೆ ಮಾಡಿಕೊಂಡು ಹೋಗಬೇಕೆಂದು ಗೊತ್ತುಮಾಡಿದರು. ಆ ಗುರುಗಳೇ ಸಂತ ವಿನ್ಸೆಂಟ್ ಡಿ ಪಾಲ್. ಅದೇ ವರ್ಷದ ಡಿಸೆಂಬರ್ 8ರಂದು, ಮಾತೆ ಮರಿಯಮ್ಮನವರ ಹಬ್ಬದ ದಿನ, ಆ ಸಂಘ ವಿಧಿವತ್ತಾಗಿ ಸ್ಥಾಪನೆಯಾಯಿತು.

ಆ ಸಂಘಕ್ಕೆ ಅವರು ಬರೆದುಕೊಟ್ಟ ನಿಯಮಾವಳಿ ಇಂದಿಗೂ ಉಳಿದಿದೆ. ಅದರಲ್ಲಿ ದೊಡ್ಡ ದೊಡ್ಡ ಮಾತುಗಳಿಗಿಂತ ಸಣ್ಣ ಸಣ್ಣ ಕೆಲಸಗಳೇ ಹೆಚ್ಚು. ರೋಗಿಯನ್ನು ನಗುಮುಖದಿಂದ ಮಾತನಾಡಿಸುವುದು, ಊಟ ಬಡಿಸುವ ಕ್ರಮ, ಹಣದ ಲೆಕ್ಕ ಇಡುವುದು, ಎಲ್ಲವೂ ಅದರಲ್ಲಿವೆ. ಸಂಘದ ಹಣ ಎರಡು ಬೇರೆ ಬೇರೆ ಬೀಗಗಳಿರುವ ಪೆಟ್ಟಿಗೆಯಲ್ಲಿರಬೇಕು. ಒಂದು ಕೀಲಿಕೈ ಅಧ್ಯಕ್ಷೆಯ ಬಳಿ, ಇನ್ನೊಂದು ಖಜಾಂಚಿಯ ಬಳಿ. ಊರಿನವರೆಲ್ಲ ಪುಣ್ಯವಂತರೆಂದು ತಿಳಿದ ಸಂತರೇ ಎರಡು ಬೀಗ ಹಾಕಿಸಿದರು ನೋಡಿ!

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ನಾವು ಇಂದಿಗೂ ಆ ಭಾನುವಾರದ ಮೆರವಣಿಗೆಯಲ್ಲೇ ಇದ್ದೇವೆ ಎಂದು ನನಗೆ ಅನ್ನಿಸುತ್ತದೆ. ಕ್ರಿಸ್ಮಸ್ ಬಂತೆಂದರೆ ಬಡವರ ಮನೆಗೆ ಸೀರೆ, ಕಂಬಳಿ, ಕೇಕು. ಒಂದೇ ಮನೆಗೆ ಮೂರು ಸಂಘದವರು ಮೂರು ಕೇಕು ಕೊಟ್ಟು ಫೋಟೋ ತೆಗೆಸಿಕೊಂಡದ್ದನ್ನೂ ನೋಡಿದ್ದೇನೆ. ಆದರೆ ಜೂನ್ ತಿಂಗಳಲ್ಲಿ? ಮಕ್ಕಳ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರ ಎಲ್ಲವೂ ಒಟ್ಟಿಗೇ ತಲೆಯ ಮೇಲೆ ಬೀಳುವುದು ಆಗ. ಮಳೆ ಹಿಡಿದರೆ ಗಾರೆ ಕೆಲಸದವರಿಗೆ ಕೂಲಿ ಇಲ್ಲ. ಆಗ ಕೇಕು ಹಂಚಿದ ಕೈಗಳು ಎಲ್ಲಿ ಹೋಗಿರುತ್ತವೆ?

ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ಹಿಂದೆ ಒಂದು ಧರ್ಮಕೇಂದ್ರದಲ್ಲಿ ನಾನು ವಿಚಾರಣೆ ಗುರುವಾಗಿದ್ದಾಗ, ಗುರುಮನೆಯ ಬಾಗಿಲಿಗೆ ಬಂದು ಕೇಳಿದವರಿಗೆಲ್ಲ ಕೈಲಾದಷ್ಟು ಕೊಡುತ್ತಿದ್ದೆ. ಬಡವರನ್ನು ಬರಿಗೈಯಲ್ಲಿ ಕಳಿಸದ ಸ್ವಾಮಿಗಳು ಎಂಬ ಹೆಸರೂ ಬಂದಿತ್ತು, ಅದು ನನಗೆ ಹಿತವಾಗಿಯೂ ಇತ್ತು. ದೇವಾಲಯದಿಂದ ನಾಲ್ಕು ಮನೆ ಆಚೆಗೆ ಒಬ್ಬ ವಿಧವೆ ತಾಯಿ ಇದ್ದರು. ಪ್ರತಿ ಭಾನುವಾರ ಪೂಜೆಗೆ ಬರುತ್ತಿದ್ದರು, ಕಾಣಿಕೆಯನ್ನೂ ಹಾಕುತ್ತಿದ್ದರು. ಮಗಳ ಕಾಲೇಜು ಶುಲ್ಕಕ್ಕಾಗಿ ಅವರು ಕಿವಿಯ ಓಲೆ ಅಡವಿಟ್ಟಿದ್ದರು. ಬಡ್ಡಿ ಬೆಳೆದು ಓಲೆ ಹರಾಜಿಗೆ ಹೋಗುವ ಹಂತ ಬಂದಾಗ ನನಗೆ ಸುದ್ದಿ ತಿಳಿಯಿತು. ಅದೂ ವಿನ್ಸೆಂಟ್ ಡಿ ಪಾಲ್ ಸಭೆಯ ಇಬ್ಬರು ಸದಸ್ಯರು ಬೇರೆ ಯಾವುದೋ ಕಾರಣಕ್ಕೆ ಆ ಮನೆಗೆ ಹೋಗಿ ಬಂದದ್ದರಿಂದ. "ನನ್ನನ್ನು ಯಾಕೆ ಕೇಳಲಿಲ್ಲಮ್ಮ?" ಎಂದೆ. "ನಿಮ್ಮ ಬಾಗಿಲಲ್ಲಿ ಯಾವಾಗಲೂ ಜನ ಇರ್ತಾರಲ್ಲ ಸ್ವಾಮಿ, ನಾಚಿಕೆ ಆಯ್ತು" ಎಂದರು. ನನ್ನ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂದು ನನಗೆ ಅಂದು ಅರ್ಥವಾಯಿತು.

ಈ ವಿನ್ಸೆಂಟ್ ಡಿ ಪಾಲ್ ಸಭೆಯನ್ನು ಆರಂಭಿಸಿದವರು ಗುರುಗಳಲ್ಲ, ವಿದ್ಯಾರ್ಥಿಗಳು. 1833ರ ಏಪ್ರಿಲ್ 23ರಂದು ಪ್ಯಾರಿಸ್ ನಗರದಲ್ಲಿ ಕೆಲವು ಯುವಕರು ಒಟ್ಟು ಸೇರಿದರು. ಅವರಲ್ಲಿ ಮುಖ್ಯನಾದ ಫ್ರೆಡೆರಿಕ್ ಓಜಾನಾಂನಿಗೆ ಅಂದಿಗೆ ಸರಿಯಾಗಿ 20 ವರ್ಷ ತುಂಬಿತ್ತು. ನಿಮ್ಮ ಧರ್ಮಸಭೆ ಹಿಂದೆ ದೊಡ್ಡ ಕೆಲಸ ಮಾಡಿತು ಸರಿ, ಈಗ ಏನು ಮಾಡುತ್ತಿದೆ ತೋರಿಸಿ ಎಂದು ಜೊತೆಯ ವಿದ್ಯಾರ್ಥಿಗಳು ಹಂಗಿಸಿದ್ದರು. ವಾದಕ್ಕೆ ಪ್ರತಿವಾದ ಹೂಡುವುದು ಬಿಟ್ಟು ಆ ಹುಡುಗರು ಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದ ಭಗಿನಿ ರೊಸಾಲಿ ರೆಂದು ಅವರ ಬಳಿಗೆ ಹೋದರು. ಯಾವ ಮನೆಗೆ ಹೋಗಬೇಕು, ಹೇಗೆ ಮಾತನಾಡಬೇಕು ಎಂದು ಕಲಿಸಿದವರು ಆ ಕನ್ಯಾಸ್ತ್ರೀಯೇ. ಪೋಪ್ ಎರಡನೆಯ ಜಾನ್ ಪಾಲ್‌ರವರು ಓಜಾನಾಂರನ್ನು 1997ರಲ್ಲಿ, ಭಗಿನಿ ರೊಸಾಲಿಯವರನ್ನು 2003ರಲ್ಲಿ ಧನ್ಯರೆಂದು ಘೋಷಿಸಿದರು. ಓಜಾನಾಂ ಗೃಹಸ್ಥರು, ಹೆಂಡತಿ ಮತ್ತು ಒಬ್ಬ ಮಗಳಿದ್ದವರು ಎಂಬುದನ್ನು ಸಂಸಾರಸ್ಥರಾದ ನೀವು ಗಮನಿಸಬೇಕು.

ಅವರ ಸಭೆಯ ಒಂದು ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ಪ್ರತಿ ಕೂಟದ ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ತಿಳಿಯದು. ಆಮೇಲೆ ಇಬ್ಬಿಬ್ಬರಾಗಿ ಮನೆಗಳಿಗೆ ಹೋಗುತ್ತಾರೆ. ನಾನೊಬ್ಬನೇ ನೇರವಾಗಿ ಕೊಟ್ಟರೆ ಪಡೆದವನು ನಾಳೆ ನನ್ನನ್ನು ಕಂಡು ತಲೆ ತಗ್ಗಿಸಬೇಕು. ಚೀಲದಿಂದ ಬಂದದ್ದಕ್ಕೆ ಯಾರ ಹೆಸರೂ ಅಂಟಿಕೊಂಡಿರುವುದಿಲ್ಲ. ಹಾಗೆಂದು ಚೀಲಕ್ಕೆ ಹಾಕಿ ಮನೆಯಲ್ಲಿ ಕುಳಿತರೆ ಬಡವನ ಮುಖವನ್ನೇ ನೋಡದೆ ನಾವು ಪುಣ್ಯವಂತರಾಗಿಬಿಡುತ್ತೇವೆ. ಅದಕ್ಕೇ ಕಾಲಿಗೂ ಕೆಲಸ.

"ಎಲ್ಲ ಸರಿ ಸ್ವಾಮಿ, ಆದರೆ ಲೆಕ್ಕ ಯಾರು ನೋಡಿದರು? ಅವರವರ ಕಡೆಯವರಿಗೇ ಕೊಟ್ಟುಕೊಳ್ಳುತ್ತಾರೆ" ಎನ್ನುವವರಿದ್ದಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇದು ಧರ್ಮಸಭೆಯಷ್ಟೇ ಹಳೆಯ ದೂರು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಓದಿ ನೋಡಿ. ಜೆರುಸಲೇಮಿನ ಭಕ್ತರಲ್ಲಿ ಗ್ರೀಕ್ ಮಾತನಾಡುವವರಿಗೂ ಹೀಬ್ರೂ ಕಡೆಯವರಿಗೂ ಗೊಣಗಾಟ ಎದ್ದಿತು. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸಿದ್ದಾರೆ ಎಂಬುದು ಗ್ರೀಕರ ದೂರು. ಭಾಷೆಯ ಜಗಳ! ಕನ್ನಡ, ತಮಿಳು, ಕೊಂಕಣಿ ಎಂದು ದೇವಾಲಯದ ಅಂಗಳದಲ್ಲೇ ದನಿ ಎತ್ತಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಷಿತರು ದೂರು ಕೊಟ್ಟವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿ ಎಂದರು. ಸ್ತೇಫನನಿಂದ ನಿಕೊಲಾಸನವರೆಗೆ ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಯಾರ ವಿಧವೆಯರು ಹಸಿದಿದ್ದರೋ ಅವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದಂತೆ ಕಾಣುತ್ತದೆ.

ಸಂತ ಪೌಲರಂತೂ ಹಣದ ವಿಷಯದಲ್ಲಿ ಬಹಳ ಜಾಗರೂಕರು. ಜೆರುಸಲೇಮಿನ ಬಡ ಭಕ್ತರಿಗಾಗಿ ಎತ್ತಿದ ಕಾಣಿಕೆಯನ್ನು ಒಬ್ಬರೇ ಹೊತ್ತೊಯ್ಯಲು ಒಪ್ಪದೆ, ಸಭೆಗಳೇ ಆರಿಸಿದವರನ್ನು ಜೊತೆಗೆ ಕರೆದುಕೊಂಡರು. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿ ಕಾಣಬೇಕೆಂದು ಕೊರಿಂಥದವರಿಗೆ ಬರೆದರು. ಅದೇ ಕೊರಿಂಥದವರಿಗೆ ಇನ್ನೊಂದು ಮಾತೂ ಹೇಳಿದ್ದರು: ವಾರದ ಮೊದಲನೆಯ ದಿನ ಪ್ರತಿಯೊಬ್ಬರೂ ಗಳಿಕೆಗೆ ತಕ್ಕಂತೆ ತೆಗೆದಿಡಿ, ನಾನು ಬಂದಮೇಲೆ ಎತ್ತುವ ಗಡಿಬಿಡಿ ಬೇಡ. ನಮ್ಮ ಅಜ್ಜಿಯರು ಒಲೆಗೆ ಅಕ್ಕಿ ಹಾಕುವ ಮೊದಲು ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರಲ್ಲ, ಅದೇ ಲೆಕ್ಕ. ತಿಂಗಳಿಗೆ ಇಪ್ಪತ್ತು ರೂಪಾಯಿ ತಪ್ಪದೆ ಕೊಡುವ ಐವತ್ತು ಮನೆಗಳಿದ್ದರೆ, ವರ್ಷಕ್ಕೆ ಹನ್ನೆರಡು ಸಾವಿರವಾಗುತ್ತದೆ. ಆ ತಾಯಿಯ ಓಲೆ ಕಿವಿಯಲ್ಲೇ ಉಳಿಯಲು ಅದಕ್ಕಿಂತ ಬಹಳ ಕಡಿಮೆ ಸಾಕಾಗಿತ್ತು.

ಆದುದರಿಂದ ಲೆಕ್ಕ ಕೇಳಿ, ಧಾರಾಳವಾಗಿ ಕೇಳಿ. ಜಮಾ ಖರ್ಚನ್ನು ವರ್ಷಕ್ಕೊಮ್ಮೆ ದೇವಾಲಯದ ಬಾಗಿಲಿಗೆ ಅಂಟಿಸಿ ಎನ್ನಿ, ಆದರೆ ಪಡೆದವರ ಹೆಸರನ್ನು ಮಾತ್ರ ಬರೆಸಬೇಡಿ. ಕೇಳಿದಮೇಲೆ ಹೊರಗೆ ನಿಂತು ಗೊಣಗದೆ ಒಳಗೆ ಬನ್ನಿ. ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಸಭೆ ಇದ್ದರೆ ಅವರಿಗೆ ಹಣಕ್ಕಿಂತ ಆಳಿನ ಕೊರತೆಯೇ ಹೆಚ್ಚು. ಇಲ್ಲದಿದ್ದರೆ ನಾಲ್ಕೈದು ಮಂದಿ ಕೂಡಿ ನಿಮ್ಮ ಗುರುಗಳ ಬಳಿ ಹೋಗಿ ಮಾತನಾಡಿ.

ಶಾತಿಯೋಂ ನಿಯಮಾವಳಿಯಲ್ಲಿ ಇನ್ನೊಂದು ಸಂಗತಿಯಿದೆ. ಊಟ ಕೊಡಲು ಹೊರಟವರು ಜೊತೆಗೆ ಯಾರಾದರೂ ಇರುವ ರೋಗಿಯ ಮನೆಗೆ ಮೊದಲು ಹೋಗಬೇಕು, ಒಬ್ಬರೇ ಇರುವವರ ಮನೆಗೆ ಕೊನೆಯಲ್ಲಿ. ಕೊನೆಯ ಮನೆಯಾದರೆ ಮುಂದೆ ಹೋಗುವ ಅವಸರವಿಲ್ಲ, ಹೆಚ್ಚು ಹೊತ್ತು ಕುಳಿತು ಮಾತನಾಡಬಹುದು. ನಿಮ್ಮ ಬೀದಿಯಲ್ಲಿ ಅಂಥ ಮನೆ ಯಾವುದೆಂದು ನಿಮಗೆ ಗೊತ್ತಿರುತ್ತದೆ. ಬರುವ ಭಾನುವಾರ ಪೂಜೆ ಮುಗಿದಮೇಲೆ ಸಭೆಯವರಿಗೆ ಆ ಮನೆಯನ್ನು ತೋರಿಸಿಕೊಡಿ.