ಆರ್‌ಒ ಚೆಲ್ಲುವ ನೀರು ಯಾರದು?

ಮುಂಬೈಗೆ ಹೊಸದಾಗಿ ಬಂದು ಮನೆ ಹಿಡಿದ ನಮ್ಮ ಕಡೆಯ ಹುಡುಗರು ತಪ್ಪದೆ ಕೇಳುವ ಪ್ರಶ್ನೆ: "ಸರ್, ಯಾವ ವಾಟರ್ ಫಿಲ್ಟರ್ ತಗೊಳ್ಳಲಿ?" ನಾನು ತಿರುಗಿ ಕೇಳುತ್ತೇನೆ, "ನಿನ್ನ ನಲ್ಲಿಗೆ ಬರೋದು ಯಾವ ನೀರು?" ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಪಾವಗಡದವನಿಗೆ ಈ ಪ್ರಶ್ನೆ ವಿಚಿತ್ರವೆನಿಸಲಾರದು. ಅಲ್ಲಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ. ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5. ಅದನ್ನು ದಾಟಿದ ಊರಿನಲ್ಲಿ ಆರ್‌ಒ ಯಂತ್ರ ಶೋಕಿಯಲ್ಲ, ಮಕ್ಕಳ ಹಲ್ಲು ಮೂಳೆಗಳ ಪ್ರಶ್ನೆ.

ಮುಂಬೈಯ ಕಥೆ ಬೇರೆ. ಇಲ್ಲಿಗೆ ಬರುವುದು ಭಾತ್ಸಾ, ವೈತರಣಾ, ತಾನ್ಸಾಗಳ ಮಳೆನೀರು. ಅದರಲ್ಲಿ ಲವಣ ಕಡಿಮೆ. 2019ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪರೀಕ್ಷೆಯಲ್ಲಿ ಈ ನಗರದ ನಲ್ಲಿನೀರಿನ ಹತ್ತಕ್ಕೆ ಹತ್ತು ಮಾದರಿಗಳೂ ಪಾಸಾಗಿದ್ದವು. ಇಲ್ಲಿ ಭಯಪಡಬೇಕಾದದ್ದು ಹಳೆಯ ಪೈಪಿನೊಳಗೆ ಚರಂಡಿ ಸೇರುವುದಕ್ಕೆ, ಸೊಸೈಟಿಯ ಸಂಪನ್ನು ವರ್ಷಗಟ್ಟಲೆ ತೊಳೆಯದಿರುವುದಕ್ಕೆ. ಅಂದರೆ ರೋಗಾಣುಗಳಿಗೆ. ಅದಕ್ಕೆ ಯುವಿ ಫಿಲ್ಟರ್ ಸಾಕು, ಕುದಿಸಿದರೂ ಸಾಕು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬೆರೆಸುವ ಸೊಸೈಟಿಯಾದರೆ ಮಾತು ಬೇರೆ, ಮೊದಲು ಲ್ಯಾಬಿಗೆ ಕಳಿಸಬೇಕು.

ಇಷ್ಟನ್ನು ಸೇಲ್ಸ್‌ಮನ್ ಹೇಳುವುದಿಲ್ಲ. ಅವನು ಲೋಟಕ್ಕೆ ಎರಡು ಲೋಹದ ಕಡ್ಡಿ ಇಳಿಸಿ ಕರೆಂಟ್ ಹಾಯಿಸುತ್ತಾನೆ. ನೀರು ಕಂದಾಗುತ್ತದೆ, ಮನೆಯವರ ಮುಖ ಬಿಳಿಚುತ್ತದೆ. ಆ ಬಣ್ಣ ಬಂದದ್ದು ಕಬ್ಬಿಣದ ಕಡ್ಡಿಯಿಂದಲೇ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ, ಅಷ್ಟೇ. ಅವನ ಟಿಡಿಎಸ್ ಮೀಟರಿಗೆ ಬ್ಯಾಕ್ಟೀರಿಯಾ ಕಾಣುವುದೂ ಇಲ್ಲ.

"ಇರಲಿ ಬಿಡಿ, ಮನೆಯಲ್ಲಿ ಚಿಕ್ಕ ಮಗು ಇದೆ, ರಿಸ್ಕ್ ಯಾಕೆ?" ಎನ್ನುತ್ತಾರೆ. ತಳ್ಳಿಹಾಕುವ ಮಾತಲ್ಲ. ಆದರೆ ಆಫೀಸಿನಲ್ಲಿ ರಿಸ್ಕ್ ರಿಜಿಸ್ಟರ್ ತುಂಬುವಾಗ ನಾವೇ ಒಂದು ಕಾಲಂ ಇಡುತ್ತೇವೆ: ಇದನ್ನು ತಪ್ಪಿಸುವ ಖರ್ಚು ಯಾರ ಲೆಕ್ಕಕ್ಕೆ? ಮನೆಯ ಸಾಮಾನ್ಯ ಆರ್‌ಒ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಚೆಲ್ಲುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕೆಂದರೆ 60 ಲೀಟರ್ ಮೋರಿಗೆ. 300 ಮನೆಗಳ ಸೊಸೈಟಿಯಲ್ಲಿ ದಿನಕ್ಕೆ 18,000 ಲೀಟರ್. ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸುವ ಪುಣ್ಯಾತ್ಮರಿದ್ದಾರೆ. ಆದರೆ ದಿನಾ 60 ಲೀಟರಿನಲ್ಲಿ ಒರೆಸುವಷ್ಟು ನೆಲ ಮುಂಬೈಯಲ್ಲಿ ಯಾರಿಗಿದೆ!

ಈ ನೀರು ಹೊರಡುವ ಜಲಾಶಯಗಳಿರುವ ಶಹಾಪುರ ತಾಲ್ಲೂಕಿನ ಹಳ್ಳಿಗಳಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಹೋಗುತ್ತದೆ. ಅಣೆಕಟ್ಟು ಪಕ್ಕದಲ್ಲೇ, ಕೊಡ ಖಾಲಿ. ನನ್ನ ಆರ್‌ಒ ನಿಲ್ಲಿಸಿದ ತಕ್ಷಣ ಅಲ್ಲಿಯ ಬಾವಿ ತುಂಬುತ್ತದೆಂದು ನಾನು ವಾದಿಸುವುದಿಲ್ಲ. ಅಳತೆ ಮಾಡದ ಭಯವೊಂದಕ್ಕಾಗಿ ಆ ನೀರನ್ನು ಮೋರಿಗೆ ಬಿಡುವ ಹಕ್ಕು ನನಗೆ ಎಲ್ಲಿಂದ ಬಂತು ಎಂಬುದಷ್ಟೇ ನನ್ನ ಪ್ರಶ್ನೆ. ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ.ಗಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು. ಆದರೂ ಇದನ್ನು ಕಾನೂನಿಗೆ ಬಿಟ್ಟು ಕೂರುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ನಮ್ಮ ಕಟ್ಟಡದ ಎದುರಿನ ಚಾಳಿಗೂ ಅದೇ ಪೈಪ್‌ಲೈನ್. ನೀರು ಚೆನ್ನಾಗಿದ್ದರೆ ನನಗೆ ಈ ಯಂತ್ರ ಬೇಡ. ಕೆಟ್ಟಿದ್ದರೆ ಅಲ್ಲಿಯ ಮಕ್ಕಳೂ ಅದನ್ನೇ ಕುಡಿಯುತ್ತಿದ್ದಾರೆ. ಆಗ ನಾನು ವಾರ್ಡ್ ಆಫೀಸಿಗೆ ದೂರು ಕೊಡಬೇಕು. ಮನೆಮನೆಗೂ ಆರ್‌ಒ ಬಂದ ಮೇಲೆ ದೂರು ಕೊಡುವವರೂ ಉಳಿಯುವುದಿಲ್ಲ. ಸಂಪು ತೊಳೆಸುವ ವಿಷಯಕ್ಕೆ ಮೀಟಿಂಗ್ ಕರೆದರೆ ಕೋರಂ ಆಗುವುದಿಲ್ಲ.